ನೀಮಾಳ ಒಂದು ತಾಸು

18 ಜೂನ್ 2025, ಬುಧವಾರ

ನಿನ್ನೆ ಸಂಜೆ ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬಂದೆ. ಬಂದೆ ಅನ್ನುವುದು ತಪ್ಪು. ತಂದರು. ನಾಲ್ಕು ಜನ ಸ್ಟ್ರೆಚರ್ ಹಿಡಿದಿದ್ದರು. ಓಣಿಯವರೆಲ್ಲ ತಂತಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ‘ಪಿ.ಟಿ. ಅಕ್ಕಾರಿಗೆ ಹಿಂಗಾಗಬಾರದಿತ್ತರಿ’ ಎಂದು ಎದುರುಮನೆಯ ಮಂಗಳವ್ವ ಅಂದದ್ದು ಕಿವಿಗೆ ಬಿತ್ತು. ಕಣ್ಣು ಮುಚ್ಚಿಕೊಂಡೆ.

ಮೂವತ್ತೆರಡು ವರ್ಷ ಸೀಟಿ ಊದಿದವಳು ನಾನು. ಕರ್ಜಗಿಯ ಶಾಲೆಯ ಹುಡುಗಿಯರ ಖೊ ಖೊ ತಂಡವನ್ನು ನಾಲ್ಕು ಸಲ ಜಿಲ್ಲೆಗೆ ಮೊದಲು ತಂದವಳು. ನಿವೃತ್ತಿಯಾದ ಮೇಲೂ ರಾಣೆಬೆನ್ನೂರಿನ ಈ ಮನೆಯಿಂದ ದಿನಾ ಬೆಳಿಗ್ಗೆ ಮೇಡ್ಲೇರಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದೆ. ಬಚ್ಚಲಿನ ಒಂದು ಹಸಿ ಕಲ್ಲು ಟೊಂಕದ ಎಲುಬು ಮುರಿಯಿತು. ಒಳಗೆ ಈಗ ಸ್ಟೀಲಿನ ಮೊಳೆ ಇದೆ.

ಶಾಲೆಯಲ್ಲಿ ಆಟದ ವಹಿ ಬರೆದ ರೂಢಿ. ಆ ರೂಢಿಗೆ ಈ ಡೈರಿ ಹಿಡಿದಿದ್ದೇನೆ. ಇದು ಮಗ ವಿಜಯಮಹಾಂತೇಶನಿಗೆ ಅವನು ಕೆಲಸ ಮಾಡುವ ಬೀಜದ ಕಂಪನಿ ಕೊಟ್ಟದ್ದು. ಐದು ವರ್ಷದ ಹಿಂದೆ ಕಂಪನಿ ಅವನನ್ನು ತಾಂಜಾನಿಯಾದ ಅರುಷಾ ಎಂಬ ಊರಿಗೆ ಕಳಿಸಿತು. ಟೊಮ್ಯಾಟೊ ಬೀಜ ಮಾಡಿಸಲು ಹೋದವನು ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಏಪ್ರಿಲ್‌ನಲ್ಲಿ ಇಬ್ಬರೂ ರಜೆಗೆ ಬಂದಿದ್ದರು. ಶನಿವಾರ ವಿಜು ತಿರುಗಿ ಹೋಗುತ್ತಾನೆ, ಬೀಜ ಬಿಡಿಸುವ ಹಂಗಾಮು, ಅಕ್ಟೋಬರ್‌ವರೆಗೆ ಬರಲಾಗದು. ‘ನೀಮಾ ಇರ್ತಾಳ ಬಿಡವ್ವಾ, ಕಾಳಜಿ ಮಾಡಬ್ಯಾಡ’ ಅಂದ. ಕಾಳಜಿ ಅದೇ ನನಗೆ.

ಇವತ್ತು ಬೆಳಿಗ್ಗೆ ಆ ಹುಡುಗಿ ನನ್ನನ್ನು ಮಗ್ಗುಲಾಗಿಸಿದಳು. ಜೀವ ಹೋದಂತಾಗಿ ಚೀರಿದೆ. ಅದಕ್ಕೆ ಅವಳು ‘ಪೋಲಿ, ಪೋಲಿ’ ಅಂದಳು. ಅರವತ್ತಮೂರು ವರ್ಷದ ಅತ್ತೆಗೆ ಪೋಲಿ ಅನ್ನುವ ಸೊಸೆ! ನಾನು ಕೂಗಾಡಿದ್ದಕ್ಕೆ ವಿಜು ಓಡಿಬಂದ. ‘ಪೋಲಿ ಅಲ್ಲವ್ವಾ, ಪೋಲೆ. ನಿಮಗ ನೋವಾತಲ್ಲ ಅಂತ ಅವರ ಭಾಷೆದಾಗ’ ಅಂತ ನಕ್ಕ. ನನಗೆ ನಗು ಬರಲಿಲ್ಲ.

22 ಜೂನ್, ಭಾನುವಾರ

ವಿಜು ನಿನ್ನೆ ಹೋದ.

ಮಂಚವನ್ನು ನಡುಮನೆಯಲ್ಲಿ ಟಿವಿಗೆ ಎದುರಾಗಿ ಹಾಕಿದ್ದಾರೆ. ಉಳಿದಿರುವುದು ಅದೊಂದೇ ಸುಖ. ಸಂಜೆ ಏಳಕ್ಕೆ ನನ್ನ ಧಾರಾವಾಹಿ. ಅದೇ ಹೊತ್ತಿಗೆ ಆ ಹುಡುಗಿ ಬಂದು ಟಿವಿಯ ಹಿಂದೆ ಕಡ್ಡಿಪೆಟ್ಟಿಗೆಯಷ್ಟು ಒಂದು ಡಬ್ಬಿ ಚುಚ್ಚಿ, ಫೋನಿನಲ್ಲಿ ಏನೋ ಒತ್ತಿದಳು. ನನ್ನ ಧಾರಾವಾಹಿ ಮಾಯ. ಅವಳ ದೇಶದ ಟಿವಿ ಬಂತು. ಒಂದಕ್ಷರ ತಿಳಿಯದ ಮಾತು, ಡೋಲು, ಕುಣಿತ.

‘ಬಂದ್ ಮಾಡು. ಈ ಮನ್ಯಾಗ ಇದೆಲ್ಲಾ ನಡಿಯೂದಿಲ್ಲ’ ಅಂದೆ.

ಬಂದ್ ಮಾಡಿದಳು. ಅಡುಗೆಮನೆಗೆ ಹೋಗಿ ದೀಪ ಹಚ್ಚದೆ ಕೂತಳು. ಎಂಟಕ್ಕೆ ಖಾನಾವಳಿಯಿಂದ ತರಿಸಿದ ರೊಟ್ಟಿ ತಟ್ಟೆಗೆ ಹಾಕಿ ಮುಂದಿಟ್ಟಳು. ನನ್ನ ಧಾರಾವಾಹಿಯೂ ಇವತ್ತು ಸಪ್ಪೆಯಿತ್ತು.

24 ಜೂನ್, ಮಂಗಳವಾರ

ನನ್ನ ಸ್ನಾನವಾದ ಮೇಲೆ ಟವೆಲ್ಲು ಕೈಯಲ್ಲಿ ಹಿಡಿದೇ ಅವಳು ಮಂಚದ ಮುಂದೆ ನಿಂತಳು. ವಿಜು ಕಲಿಸಿದ ಕನ್ನಡದಲ್ಲಿ, ಒಂದೊಂದೇ ಶಬ್ದ ಎತ್ತಿಟ್ಟಂತೆ ಹೇಳಿದಳು.

‘ಅತ್ತಿ, ಮುಂಜಾನಿಂದ ಸಂಜಿ ಮಟ ನನ್ನ ಭಾಷೆ ಈ ಮನ್ಯಾಗ ಯಾರೂ ಮಾತಾಡೂದಿಲ್ಲ. ಕನ್ನಡ ಹುಡುಕಿ ಹುಡುಕಿ ನನ್ನ ತಲಿ ನೋಯ್ತದ. ಏಳರಿಂದ ಎಂಟು, ಒಂದು ತಾಸು ನಂದು. ಇಪ್ಪತ್ತಮೂರು ತಾಸು ನಿಮ್ಮವು.’

ಕೇಳಿದ್ದಲ್ಲ, ಹೇಳಿದ್ದು. ಶಾಲೆಯಲ್ಲಿ ಯಾವ ಹುಡುಗಿಯೂ ನನ್ನ ಮುಂದೆ ಹೀಗೆ ನಿಂತು ಹೇಳಿದವಳಲ್ಲ. ನಾನು ಗೋಡೆಯ ಕಡೆಗೆ ಮುಖ ಮಾಡಿದೆ. ಆಗದು ಅಂತ ಮಾತ್ರ ಅನ್ನಲಿಲ್ಲ.

27 ಜೂನ್, ಶುಕ್ರವಾರ

ನಾನೇನೂ ನೋಡುತ್ತಿಲ್ಲ. ಮಂಚ ಟಿವಿಗೆ ಎದುರಾಗಿದೆ, ಕಣ್ಣು ಬಿಟ್ಟರೆ ಅದೇ ಕಾಣುತ್ತದೆ, ಅಷ್ಟೆ.

ಸುದ್ದಿ ಓದುವ ಹೆಂಗಸು ಮತ್ತೆ ಮತ್ತೆ ‘ಹಬಾರಿ’ ಅನ್ನುತ್ತಿದ್ದಳು. ತಡೆಯಲಾಗಲಿಲ್ಲ.

‘ಹಬಾರಿ ಅಂದ್ರ ಏನ?’

‘ಸುದ್ದಿ, ಅತ್ತಿ.’

‘ಖಬರು!’ ಅಂದುಬಿಟ್ಟೆ. ನಮ್ಮ ಕಡೆ ಎಲ್ಲರೂ ಆಡುವ ಖಬರು ಅಲ್ಲಿ ಹೋಗಿ ಹಬಾರಿಯಾಗಿದೆ. ಆಮೇಲೆ ಇಬ್ಬರೂ ಹುಡುಕಲು ಕೂತೆವು. ಔಷಧಕ್ಕೆ ಅವರು ದಾವಾ ಅನ್ನುತ್ತಾರೆ, ನಮ್ಮಲ್ಲಿ ದವಾಖಾನಿ. ಅಂಗಡಿ ದುಕಾ, ನಮ್ಮದು ದುಕಾನ. ಗಾಡಿ ಗಾರಿ. ಸಾಬೂನು ಸಬುನಿ. ವಕೀಲ ವಕೀಲಿ. ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್. ಎಂಟು ಹೊಡೆಯುವುದರೊಳಗೆ ಹದಿನಾಲ್ಕು ಶಬ್ದ ಸಿಕ್ಕವು. ಸಮುದ್ರದ ಆಚೆ ಈಚೆ ಒಂದೇ ಹಡಗಿನವರು ವ್ಯಾಪಾರ ಮಾಡಿರಬೇಕು.

ಮೆಣಸಿನಕಾಯಿಗೆ ಅವರು ಪಿಲಿಪಿಲಿ ಅನ್ನುತ್ತಾರಂತೆ. ಬ್ಯಾಡಗಿಯಲ್ಲಿರುವ ಅಕ್ಕ ಸುಶೀಲವ್ವ ಕಳಿಸಿದ ಖಾರಪುಡಿಯನ್ನು ಮೂಸಿ ನೋಡಿ, ಇಂಥ ಬಣ್ಣ ನಮ್ಮ ಪಿಲಿಪಿಲಿಗೆ ಇಲ್ಲ ಅಂದಳು.

2 ಜುಲೈ, ಬುಧವಾರ

ಇವತ್ತು ನೀಮಾ ಆರೂವರೆಗೇ ಟಿವಿ ಮುಂದೆ ಕೂತಿದ್ದಳು. ಚಿತ್ರ ನಿಂತು ನಿಂತು ಬರುತ್ತಿತ್ತು. ಇಂಟರ್ನೆಟ್ ಕೊಟ್ಟ ರಫೀಕನಿಗೆ ನಾನೇ ಫೋನ್ ಮಾಡಿದೆ. ಕರ್ಜಗಿಯಲ್ಲಿ ನನ್ನ ಕೈಯಲ್ಲಿ ಕಲಿತವನು, ಈಗ ನಲವತ್ತು ದಾಟಿದ್ದಾನೆ, ಮೇನ್ ರೋಡಿನಲ್ಲಿ ಅಂಗಡಿ. ಬಂದು ಇಂಟರ್ನೆಟ್ಟಿನ ಡಬ್ಬಿ ಬದಲಿಸಿದ. ಹೆಸರು ಕೇಳಿ ನೀಮಾ ನಕ್ಕಳು. ಅವರಲ್ಲಿ ರಫೀಕಿ ಅಂದರೆ ಗೆಳೆಯನಂತೆ. ‘ನಮ್ಮಾಗೂ ಅದ ಅರ್ಥರಿ ವೈನಿ’ ಅಂದ ರಫೀಕ್.

ಟಿವಿಯಲ್ಲಿ ಹುಡುಗಿಯರ ಆಟ. ನೆಟ್‌ಬಾಲ್! ಶಾಲೆಗಳ ರಾಷ್ಟ್ರಮಟ್ಟದ ಪಂದ್ಯಾವಳಿ. ನಡುವೆ ಆಡುವ ಉದ್ದ ಕಾಲಿನ ಹುಡುಗಿಯನ್ನು ತೋರಿಸಿ ನೀಮಾ ‘ನನ್ನ ತಂಗಿ, ಉಪೇಂಡೊ’ ಅಂದಳು. ಹದಿನೇಳು ವರ್ಷ. ಶಾಲೆಯಲ್ಲಿ ಇದೇ ಕೊನೆಯ ವರ್ಷ.

ಪೂರ್ತಿ ನೋಡಿದೆ. ಹುಡುಗಿ ಚುರುಕಾಗಿದ್ದಾಳೆ, ಜಿಗಿತ ಚೆನ್ನಾಗಿದೆ. ಆದರೆ ಚೆಂಡು ಎಸೆಯುವ ಮುಂಚೆ ಭುಜ ತಿರುಗಿಸಿ ಎಲ್ಲರಿಗೂ ಹೇಳಿಬಿಡುತ್ತಾಳೆ. ಎದುರಾಳಿಗಳು ಆರು ಸಲ ಕಿತ್ತುಕೊಂಡರು. ಎರಡು ಗೋಲಿನಿಂದ ಹೇಗೋ ಗೆದ್ದರು. ಅಲ್ಲಿಯ ಮಾಸ್ತರ್ತಿಗೆ ಕಣ್ಣಿಲ್ಲವೆ?

6 ಜುಲೈ, ಭಾನುವಾರ

ಬ್ಯಾಡಗಿಯಿಂದ ಅಕ್ಕ ಬಂದಿದ್ದಳು. ಮಧ್ಯಾಹ್ನ ನೀಮಾ ಗೋವಿನಜೋಳದ ಹಿಟ್ಟಿನಿಂದ ಉಗಾಲಿ ಎಂಬ ಮುದ್ದೆ ಮಾಡಿ, ರಾಜಗಿರಿ ಪಲ್ಯದ ಜೊತೆ ಇಟ್ಟಳು. ಅಕ್ಕ ಮುಖ ಸಿಂಡರಿಸಿದಳು. ‘ಗೋವಿನಜೋಳ ಕೋಳಿ ಫಾರ್ಮಿಗೆ ಮಾರ್ತೇವಲ್ಲವಾ, ಅದನ್ನ ಉಣ್ಣೂದ?’ ನಾನು ಎರಡು ಮುದ್ದೆ ಉಂಡೆ. ಹೊಟ್ಟೆಗೆ ಹಗುರ.

ನೀಮಾ ಭಾಂಡೆ ತಿಕ್ಕಲು ಹೋದಾಗ ಅಕ್ಕ ಮೆಲ್ಲಗೆ ಅಂದಳು:

‘ಪುಷ್ಪಾ, ಈಕಿನ್ನ ಗಂಡನ ಹಂತ್ಯಾಕ ಕಳಸಿಬಿಡು. ನಮ್ಮ ಕಡೇದಾಕಿ ಯಾರರೆ ಒಬ್ಬಾಕಿನ್ನ ಹಚ್ಚಿಕೊಳ್ಳೂಣು. ನಿನ್ನ ಮೈ ತೊಳಿಯಾಕ ಹೊರಗಿನಾಕಿ ಯಾಕ?’

ಸಂಜೆ ವಿಜು ಫೋನ್ ಮಾಡಿದಾಗ ಅಕ್ಕನ ಮಾತು ತೆಗೆದೆ.

‘ಅವ್ವಾ, ನಾ ಆಕಿನ್ನ ಬಿಟ್ಟು ಬಂದಿಲ್ಲ. ನನ್ನ ಜೋಡಿ ಆಕಿ ಟಿಕೀಟೂ ಆಗಿತ್ತು. ತಂಗಿ ಆಟ ನೋಡಬೇಕಂತ ವರ್ಷದಿಂದ ಕಾಯಾಕತ್ತಿದ್ಲು. ನೀ ಬಿದ್ದ ದಿನ ಆಕಿನ ತನ್ನ ಟಿಕೀಟು ಕ್ಯಾನ್ಸಲ್ ಮಾಡಿಸಿದ್ಲು. ನಿನಗ ಹೇಳಬ್ಯಾಡ ಅಂದಿದ್ಲು.’

ಅಡುಗೆಮನೆಯಿಂದ ಭಾಂಡೆಯ ಸಪ್ಪಳ ಬರುತ್ತಿತ್ತು.

ಅಕ್ಕ ಹೊರಟಾಗ, ‘ಯಾರನ್ನೂ ಹುಡುಕಬ್ಯಾಡ. ಮನ್ಯಾಗ ಸೊಸಿ ಅದಾಳ’ ಅಂದೆ.

8 ಜುಲೈ, ಮಂಗಳವಾರ

ನೀಮಾಳ ಫೋನಿನಲ್ಲಿ ಆ ಪಂದ್ಯವನ್ನು ಮತ್ತೆ ಹಾಕಿಸಿದೆ. ಎಲ್ಲಿ ನಿಲ್ಲಿಸು ಅಂದೆನೋ ಅಲ್ಲಿ ನಿಲ್ಲಿಸಿದಳು. ‘ಇಲ್ಲಿ ನೋಡು, ಚೆಂಡು ಇನ್ನೂ ಕೈಯಾಗ ಐತಿ, ಭುಜ ಆಗಲೇ ಬಲಕ್ಕ ತಿರುಗೇತಿ. ಇಲ್ಲೂ ಅಷ್ಟ.’ ಹನ್ನೊಂದು ಕಡೆ ತೋರಿಸಿದೆ. ನೀಮಾ ಬಾಯಿ ತೆರೆದು ಕೂತಳು.

ಸಂಜೆ ಉಪೇಂಡೊಳಿಗೆ ವಿಡಿಯೋ ಕಾಲ್. ಹುಡುಗಿ ಮೊದಲು ನನಗೆ ‘ಶಿಕಮೂ’ ಅಂದಳು. ಹಿರಿಯರಿಗೆ ಹೇಳುವ ನಮಸ್ಕಾರ, ಹಿಂದಿನ ಕಾಲದಲ್ಲಿ ಅದರರ್ಥ ನಿಮ್ಮ ಪಾದ ಹಿಡಿಯುತ್ತೇನೆ ಅಂತಿತ್ತಂತೆ. ಏಪ್ರಿಲ್‌ನಲ್ಲಿ ನೀಮಾ ಹೊಸ್ತಿಲಲ್ಲಿ ನಿಂತು ನನಗೆ ಅದನ್ನೇ ಅಂದಿದ್ದಳು. ಏನೋ ಒದರುತ್ತಿದ್ದಾಳೆ ಅಂದುಕೊಂಡು ನಾನು ಒಳಗೆ ನಡೆದಿದ್ದೆ.

‘ಎಸಿಯೂ ಕಡೆ ನೋಡಬಾರದು ಅಂತಲ್ಲ. ನೋಡು, ಆದರ ಸುಳ್ಳು ನೋಡು. ಕಣ್ಣು ಎಡಕ್ಕ, ಚೆಂಡು ಬಲಕ್ಕ’ ಅಂದೆ. ಖೊ ಖೊದಲ್ಲಿ ಓಡುವವರು ಹಾಗೆಯೇ ದಾರಿ ತಪ್ಪಿಸುತ್ತಾರೆ. ನೀಮಾ ಅನುವಾದ ಮಾಡಿದಳು. ತೋರಿಸಲು ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಿದ್ದೆ. ದಿಂಬನ್ನೇ ಚೆಂಡು ಮಾಡಿ ಹತ್ತು ಸಲ ನೀಮಾಳತ್ತ ಎಸೆದೆ. ಒಂದು ಸಲ ಅವಳು ನಿಜವಾಗಿಯೂ ಮೋಸಹೋದಳು, ದಿಂಬು ಮುಖಕ್ಕೆ ಬಡಿಯಿತು.

14 ಜುಲೈ, ಸೋಮವಾರ

ಎಕ್ಸ್‌ರೇ ತೆಗೆಸಲು ಕಾರು ಮಾಡಿಕೊಂಡು ಹಾವೇರಿಗೆ. ಸಾಲಿನಲ್ಲಿ ಎಲ್ಲರೂ ನೀಮಾಳನ್ನೇ ನೋಡುತ್ತಿದ್ದರು. ಒಬ್ಬ ಮುದುಕಿ ‘ಯಾವ ದೇಶದಾಕೀವಾ ನೀ?’ ಅಂತ ಕೇಳಿಯೇಬಿಟ್ಟಳು. ನೀಮಾ ಮುಖ ತಿರುಗಿಸಲಿಲ್ಲ. ‘ರಾಣೆಬೆನ್ನೂರ ಸೊಸಿರಿ. ನೀವು ಯಾವೂರವರು?’ ಅಂದಳು. ಮುದುಕಿ ಗಳಗನಾಥದವಳು. ಇಬ್ಬರೂ ಅರ್ಧ ತಾಸು ಹರಟಿದರು.

ಎಲುಬು ಕೂಡುತ್ತಿದೆ. ಡಾಕ್ಟರು ನನ್ನ ಮೇಲೆ ಸಿಟ್ಟಾದರು. ‘ವಾಕರ್ ಹಿಡಿದು ಹೊರಗ ನಡೀರಿ. ನೀವು ಆಟದ ಟೀಚರಂತ, ಮನ್ಯಾಗ ಕುಂತ್ರ ಕಾಲು ಬರತೇತೇನು?’

ಮನೆಯೊಳಗೆ ಬಚ್ಚಲಿನವರೆಗೆ ನಡೆಯುತ್ತೇನೆ. ಹೊರಗೆ ಬರುವುದಿಲ್ಲ. ಯಾವ ಓಣಿಯಲ್ಲಿ ಬೂಟು ಹಾಕಿ ಓಡಿದ್ದೆನೋ ಅಲ್ಲಿ ಆ ನಾಲ್ಕು ಕಾಲಿನ ಕಬ್ಬಿಣ ತಳ್ಳಿಕೊಂಡು ಹೋಗಲಾರೆ. ನೀಮಾಳಿಗೂ ಹೇಳಿದ್ದೇನೆ. ಅವಳು ಮಾತ್ರ ವಾಕರನ್ನು ದಿನಾ ಒರೆಸಿ ಬಾಗಿಲ ಹತ್ತಿರವೇ ಇಡುತ್ತಾಳೆ.

19 ಜುಲೈ, ಶನಿವಾರ

ಗೆದ್ದೆವು! ಇಪ್ಪತ್ತೊಂಬತ್ತು–ಇಪ್ಪತ್ತು!

ಉಪೇಂಡೊ ಎಡಕ್ಕೆ ನೋಡಿ ಬಲಕ್ಕೆ ಎಸೆದಾಗ ಎದುರಾಳಿ ಹುಡುಗಿ ಗಾಳಿ ಹಿಡಿದಳು. ನಾನು ಕೂಗಿದ ಕೂಗಿಗೆ ಮಂಗಳವ್ವ ಏನಾಯಿತೋ ಅಂತ ಓಡಿಬಂದಳು. ಬಂದವಳು ಕೂತು ನೋಡಿಯೇ ಹೋದಳು.

ಒಂದೇ ಕೆಟ್ಟದ್ದು. ಅಲ್ಲಿ ನಡೆದದ್ದು ನಮ್ಮ ಟಿವಿಗೆ ಬರಲು ಅರ್ಧ ನಿಮಿಷ ತಡ. ನೀಮಾಳ ತಾಯಿ ಮೈದಾನದಿಂದಲೇ ಫೋನ್ ಮಾಡಿ, ನಾವು ನೋಡುವ ಮೊದಲೇ ಗೋಲು ಹೇಳಿಬಿಡುತ್ತಾರೆ. ಬೀಗಿತ್ತಿಗೆ ಇದನ್ನು ತಿಳಿಸಿ ಹೇಳಬೇಕು.

29 ಜುಲೈ, ಮಂಗಳವಾರ, ನಾಗಪಂಚಮಿ

ನಮ್ಮ ನೀಮಾ ಮಂಗಳವ್ವನ ಮನೆಯ ಬೇವಿನ ಗಿಡದ ಜೋಕಾಲಿಯನ್ನು ಇಡೀ ಓಣಿಗಿಂತ ಎತ್ತರಕ್ಕೆ ಜೀಕಿದಳಂತೆ. ಹುಡುಗಿಯರೆಲ್ಲ ಕೇಕೆ ಹಾಕುತ್ತಿದ್ದದ್ದು ಒಳಗೆ ಕೇಳಿಸಿತು. ಶೇಂಗಾ ಉಂಡಿ ಕಟ್ಟಲು ಕಲಿತಿದ್ದಾಳೆ. ನನ್ನವಕ್ಕಿಂತ ಗುಂಡಗಿವೆ.

ಸಂಜೆ ಸೆಮಿಫೈನಲ್. ಎಂಟು ಹೆಂಗಸರು, ಹನ್ನೆರಡು ಮಕ್ಕಳು ನಡುಮನೆಯಲ್ಲಿ. ಜಾಗ ಸಾಲದೆ ನಾನು ಮಂಚ ಬಿಟ್ಟು ಕುರ್ಚಿಯಲ್ಲಿ ಕೂತೆ. ಮಂಚದ ಮೇಲೆ ಐದು ಜನ. ಎರಡು ಗೋಲಿನ ಗೆಲುವು. ಫೈನಲ್ ಒಂಬತ್ತನೇ ತಾರೀಖು, ಮ್ವಾಂಜಾ ಎಂಬ ಊರಿನ ತಂಡದ ಮೇಲೆ. ಅವರು ಮೂರು ವರ್ಷದಿಂದ ಸೋತಿಲ್ಲ.

8 ಆಗಸ್ಟ್, ಶುಕ್ರವಾರ

ಗಟಾರು ಮಾಡಲು ಓಣಿಯ ಬಾಯಿಗೆ ಅಡ್ಡ ಅಗೆದಿದ್ದಾರೆ. ಜೆಸಿಬಿ ಬಾಯಿಗೆ ಸಿಕ್ಕು ಇಂಟರ್ನೆಟ್ ವೈರು ತುಂಡಾಗಿದೆ. ಫೋನಿನ ನೆಟ್‌ವರ್ಕಿನಲ್ಲಿ ಚಿತ್ರ ಏಳುವುದಿಲ್ಲ, ತಿರುಗಣಿ ತಿರುಗುತ್ತಲೇ ಇರುತ್ತದೆ. ರಫೀಕ್ ಬಂದು ಕೈಚೆಲ್ಲಿದ.

‘ಸೋಮವಾರ ಮಟ ಆಗೂದಿಲ್ಲರಿ ಅಕ್ಕಾರ. ನಾಳೆ ನಮ್ಮ ದುಕಾನಕ್ಕ ಬರ್ರಿ, ಅಲ್ಲಿ ಲೈನ್ ಬ್ಯಾರೆ ಐತಿ. ದೊಡ್ಡ ಟಿವಿ ಹಚ್ಚತೇನಿ.’

ತಗ್ಗು ದಾಟಿ ಆಟೊ ಒಳಗೆ ಬರುವುದಿಲ್ಲ. ‘ನೀ ಹೋಗಿ ನೋಡಿ ಬಾ, ಬಂದು ಹೇಳು’ ಅಂದೆ ನೀಮಾಳಿಗೆ.

‘ನೀವಿಲ್ಲಂದ್ರ ನಾನೂ ಇಲ್ಲ’ ಅಂದಳು.

‘ನಿನ್ನ ತಂಗಿ ಅದಾಳ ಅಲ್ಲಿ!’

‘ಭುಜ ನೋಡವರು ನೀವು. ನಾ ಒಬ್ಬಾಕಿ ಹೋಗಿ ಏನು ಮಾಡ್ಲಿ?’

ಹಟಮಾರಿ.

9 ಆಗಸ್ಟ್, ಶನಿವಾರ

ಎಲ್ಲವನ್ನೂ ಬರೆದಿಡಬೇಕು.

ಐದೂವರೆಗೆ ನೀಮಾ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಟಿಕೀಟು ರದ್ದು ಮಾಡಿದ ದಿನವೂ ಹೀಗೆಯೇ ಕೂತಿರಬೇಕು ಅನ್ನಿಸಿತು. ‘ಏಳು. ಆಟ ಶುರುವಾಗತೇತಿ. ಆ ವಾಕರ್ ತಾ’ ಅಂದೆ.

ಮೆಟ್ಟಿಲು ಮೂರು ಇಳಿದು ಓಣಿಗೆ ಬಂದೆವು. ಮಂಗಳವ್ವ ಕಟ್ಟೆಯಿಂದ ‘ಯವ್ವಾ, ಅಕ್ಕಾರು!’ ಅಂತ ಎದ್ದು ನಿಂತಳು. ನಿಲ್ಲಲು ಪುರುಸೊತ್ತಿರಲಿಲ್ಲ. ತಗ್ಗಿನ ಮೇಲೆ ಸೆಂಟ್ರಿಂಗಿನ ಹಲಗೆ ಹಾಕಿದ್ದಾರೆ, ವಾಕರ್ ಹಿಡಿಸುವಷ್ಟು ಅಗಲವಿಲ್ಲ. ನೀಮಾ ಮುಂದೆ ನಿಂತು ಹಿಂದುಹಿಂದಕ್ಕೆ ಹೆಜ್ಜೆ ಇಟ್ಟಳು, ನಾನು ಅವಳ ಎರಡೂ ಭುಜ ಹಿಡಿದು ದಾಟಿದೆ. ಮಂಗಳವ್ವ ವಾಕರ್ ತಲೆಯ ಮೇಲೆ ಹೊತ್ತು ತಂದಳು. ಹಲಗೆ ಸ್ವಲ್ಪ ಕುಲುಕುತ್ತಿತ್ತು. ಇರಲಿ, ಮುಖ್ಯ ವಿಷಯ ಪಂದ್ಯ.

ರಫೀಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯೇ ಬಂದಿತ್ತು. ನನಗೊಂದು ಕುರ್ಚಿ ಇಟ್ಟಿದ್ದ. ಆರೂವರೆಗೆ ಸೀಟಿ.

ಮೊದಲರ್ಧ ಹಾಳಾಯಿತು. ಮ್ವಾಂಜಾದ ಹುಡುಗಿಯರು ಗೋಡೆಯಂತಿದ್ದರು. ಉಪೇಂಡೊ ಹೆದರಿ ಹಳೆಯ ಚಾಳಿಗೆ ಇಳಿದಳು. ಭುಜ ಮೊದಲು, ಚೆಂಡು ಆಮೇಲೆ. ಹದಿನಾಲ್ಕು–ಹತ್ತೊಂಬತ್ತು. ನೀಮಾ ಉಗುರು ಕಚ್ಚುತ್ತಿದ್ದಳು.

‘ಅವರ ಮಾಸ್ತರ್ತಿಗೆ ಫೋನ್ ಹಚ್ಚು’ ಅಂದೆ.

‘ಈಗ? ಎತ್ತೂದಿಲ್ಲ, ಅತ್ತಿ.’

‘ಹಚ್ಚು ಅಂದ್ರ ಹಚ್ಚು!’

ನೀಮಾ ತಾಯಿಯಿಂದ ನಂಬರು ತರಿಸಿ ಹಚ್ಚಿದಳು. ಮೂರನೇ ಸಲಕ್ಕೆ ಮಾಸ್ತರ್ತಿ ಎತ್ತಿದಳು. ಹಿಂದೆ ಜನರ ಗದ್ದಲ. ನಾನು ಕನ್ನಡದಲ್ಲಿ ಕೂಗಿದೆ, ನೀಮಾ ತನ್ನ ಸ್ವಾಹಿಲಿ ಭಾಷೆಯಲ್ಲಿ ಕೂಗಿದಳು. ‘ಹುಡುಗಿ ಹೆದರ್ಯಾಳ. ಬೈಯಬ್ಯಾಡ್ರಿ. ಮೊದಲಿನ ಮೂರು ಚೆಂಡು ಸುಳ್ಳು ನೋಡಿ ಒಗಿ ಅನ್ರಿ. ಬರೇ ಮೂರು. ಆಮ್ಯಾಲೆ ಅವರು ಆಕಿ ಕಣ್ಣು ನಂಬೂದ ಬಿಡತಾರ. ಆಗ ಖರೇ ನೋಡಿ ಒಗಿಲಿ, ಅದನ್ನೂ ನಂಬೂದಿಲ್ಲ!’ ಆ ಕಡೆಯಿಂದ ‘ಸಾವಾ, ಸಾವಾ’ ಅಂತ ಕೇಳಿ ನಾನು ಬೆದರಿದೆ. ಆಯಿತು ಅಂತ ಅರ್ಥ ಅಂದಳು ನೀಮಾ.

ಎರಡನೇ ಅರ್ಧದ ಮೊದಲ ಚೆಂಡು. ಉಪೇಂಡೊ ಎಡಕ್ಕೆ ಕತ್ತು ತಿರುಗಿಸಿದಳು. ಮೂವರು ಎಡಕ್ಕೆ ಹಾರಿದರು. ಚೆಂಡು ಬಲಕ್ಕೆ. ಗೋಲು. ಎರಡನೆಯದು ಹಾಗೆಯೇ. ಮೂರನೆಯದು ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ಅದನ್ನು ನಾನು ಕಲಿಸಿರಲಿಲ್ಲ! ಆಮೇಲೆ ಮ್ವಾಂಜಾದವರಿಗೆ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯದಾಯಿತು. ಇಪ್ಪತ್ತೈದು–ಇಪ್ಪತ್ತೇಳು. ಇಪ್ಪತ್ತೊಂಬತ್ತು–ಮೂವತ್ತು. ಮೂವತ್ತೊಂದು–ಮೂವತ್ತೊಂದು. ರಸ್ತೆಯಲ್ಲಿ ಹೋಗುವವರೂ ಬೈಕು ನಿಲ್ಲಿಸಿ ಒಳಗೆ ಇಣುಕುತ್ತಿದ್ದರು.

ಇಪ್ಪತ್ತು ಸೆಕೆಂಡು ಉಳಿದಿತ್ತು. ಚೆಂಡು ಉಪೇಂಡೊಳ ಕೈಯಲ್ಲಿತ್ತು. ಅಷ್ಟರಲ್ಲಿ ನೀಮಾಳ ಫೋನ್ ಹೊಡೆದುಕೊಂಡಿತು. ಅವಳ ತಾಯಿ! ಅಲ್ಲಿ ಆಟ ಮುಗಿದುಹೋಗಿದೆ, ಗೆದ್ದರೋ ಸೋತರೋ ಆ ಫೋನಿನೊಳಗಿದೆ, ನಮ್ಮ ಟಿವಿಯಲ್ಲಿ ಇನ್ನೂ ಇಪ್ಪತ್ತು ಸೆಕೆಂಡು.

‘ಎತ್ತಬ್ಯಾಡ!’ ಅಂತ ಕೂಗಿದೆ. ‘ಎತ್ತಬ್ಯಾಡ, ಎತ್ತಬ್ಯಾಡ!’ ಅಂತ ಇಡೀ ಅಂಗಡಿ ಕೂಗಿತು. ನೀಮಾ ಫೋನನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ನಾನು ಅವಳ ತೋಳು ಹಿಡಿದು ನಿಂತಿದ್ದೆ.

ಉಪೇಂಡೊ ಗೋಲಿನ ಬಳೆಯ ಕೆಳಗೆ ನಿಂತ ಎತ್ತರದ ಹುಡುಗಿಯನ್ನು ನೇರವಾಗಿ ನೋಡಿದಳು. ಖರೇ ನೋಟ. ಮ್ವಾಂಜಾದವರು ನಂಬಲಿಲ್ಲ, ಎರಡೂ ಬದಿಗೆ ಹರಡಿದರು. ನಡುವೆ ಹೆದ್ದಾರಿಯಷ್ಟು ಜಾಗ. ಚೆಂಡು ಎಲ್ಲಿ ನೋಡಿದಳೋ ಅಲ್ಲಿಗೇ ಹೋಯಿತು. ಎತ್ತರದ ಹುಡುಗಿ ಹಿಡಿದು, ಎತ್ತಿ, ಬಳೆಯೊಳಗೆ ಹಾಕಿದಳು.

ಮೂವತ್ತೆರಡು–ಮೂವತ್ತೊಂದು. ಸೀಟಿ.

ಮುಂದೆ ಏನಾಯಿತೆಂದು ಸರಿಯಾಗಿ ನೆನಪಿಲ್ಲ. ಮಂಗಳವ್ವ ಅಳುತ್ತಿದ್ದಳು. ರಫೀಕ್ ಎಲ್ಲರಿಗೂ ಪೇಡೆ ಹಂಚಿದ. ನೀಮಾ ನನ್ನ ಕೊರಳಿಗೆ ಬಿದ್ದು ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು, ನಾನು ನನ್ನದರಲ್ಲಿ ಹೇಳಿದೆ. ಬೀಗಿತ್ತಿಯ ಫೋನು ಎತ್ತಿದಾಗ ಆ ಕಡೆಯಿಂದ ಬರೀ ಕೇಕೆ. ನಾವೂ ಅದನ್ನೇ ಉತ್ತರ ಕೊಟ್ಟೆವು.

11 ಆಗಸ್ಟ್, ಸೋಮವಾರ

ಅಕ್ಕ ಬ್ಯಾಡಗಿಯಿಂದ ಫೋನ್ ಮಾಡಿ ‘ಪುಷ್ಪಾ, ನೀ ಮೇನ್ ರೋಡ್ ಮಟ ನಡದು ಹೋಗಿ ಬಂದಿಯಂತಲ್ಲ! ಹಲಗಿ ದಾಟಿಯಂತ!’ ಅಂತ ಅದನ್ನೇ ಹತ್ತು ಸಲ ಅಂದಳು. ಫೈನಲ್ ಏನಾಯಿತು ಅಂತ ಕೇಳಲೇ ಇಲ್ಲ. ಅವಳಿಗೆ ಮೊದಲಿನಿಂದಲೂ ಆಟದಲ್ಲಿ ಆಸಕ್ತಿ ಇಲ್ಲ.

ಇಂಟರ್ನೆಟ್ ಬಂತು. ಏಳಕ್ಕೆ ಅರುಷಾದ ಮೆರವಣಿಗೆ ತೋರಿಸಿದರು. ತೆರೆದ ಲಾರಿಯ ಮೇಲೆ ಹುಡುಗಿಯರು, ಕೊರಳಲ್ಲಿ ಹೂವು. ವರದಿಗಾರ ಉಪೇಂಡೊಳ ಬಾಯಿಗೆ ಮೈಕು ಹಿಡಿದ. ಅವಳ ಮಾತಿನ ನಡುವೆ ‘ರಾಣೆಬೆನ್ನೂರು’ ಅನ್ನುವ ಶಬ್ದ ಕೇಳಿಸಿತು. ಅವಳ ನಾಲಗೆಯಲ್ಲಿ ಅದು ರಾನೆಬೆನೂರಿ. ನೀಮಾ ಅನುವಾದ ಮಾಡಲು ಬಾಯಿ ತೆರೆದಳು. ಇರಲಿ ಬಿಡು, ತಿಳಿಯಿತು ಅಂದೆ.

25 ಆಗಸ್ಟ್, ಸೋಮವಾರ

ಮಧ್ಯಾಹ್ನ ಓಣಿಯ ಆರು ಹುಡುಗಿಯರು ಬಂದರು. ಮುಂದಾಳು ಮಂಗಳವ್ವನ ಮೊಮ್ಮಗಳು ಸುಶ್ಮಿತಾ. ‘ಅಕ್ಕಾರ, ನಮಗೂ ಆ ಆಟ ಕಲಿಸ್ರಿ.’ ನಾನು ಖೊ ಖೊದವಳು, ನೆಟ್‌ಬಾಲ್ ನಿಯಮ ಪೂರ್ತಿ ಗೊತ್ತಿಲ್ಲ ಅಂದೆ. ನೀಮಾ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ‘ನನಗ ಗೊತ್ತದ. ನಾನೂ ಆಡೀನಿ, ಗೋಲ್ ಹೊಡಿಯಾಕಿ ನಾನ.’ ಇಷ್ಟು ದಿನ ಹೇಳಿಯೇ ಇರಲಿಲ್ಲ! ಕೇಳಿದರೆ, ನೀವು ಕೇಳಿದಿರೇನು ಅಂದಳು. ಅದೂ ಖರೆ.

3 ಸೆಪ್ಟೆಂಬರ್, ಬುಧವಾರ

ವೆಲ್ಡಿಂಗ್ ಶಾಪಿನ ಶಂಭುಲಿಂಗ ಎರಡು ಕಂಬಗಳಿಗೆ ಬಳೆ ಬೆಸೆದು ಕೊಟ್ಟ. ಕ್ರೀಡಾಂಗಣದ ಮೂಲೆಯಲ್ಲಿ ನೆಟ್ಟೆವು. ನೀಮಾ ಸುಣ್ಣದ ಗೆರೆ ಎಳೆದಳು. ಹದಿನಾರು ಹುಡುಗಿಯರು. ಬೈಯುತ್ತ ಬೈಯುತ್ತ ಗಂಟಲು ಬಿದ್ದಿದೆ. ಸಂಜೆ ಏಳಕ್ಕೆ ಟಿವಿ ಹಚ್ಚುವುದನ್ನು ಇಬ್ಬರೂ ಮರೆತೆವು.

12 ಸೆಪ್ಟೆಂಬರ್, ಶುಕ್ರವಾರ

ಹಾವೇರಿಯ ಶಾಲೆಯೊಂದು ನಮ್ಮ ಜೊತೆ ಪಂದ್ಯ ಆಡುತ್ತದಂತೆ, ಇದೇ ಭಾನುವಾರ. ಸುಶ್ಮಿತಾಳ ಕಾಲು ಇನ್ನೂ ತಪ್ಪು ಬೀಳುತ್ತಿದೆ, ಇವತ್ತು ಅದನ್ನು ನೋಡಬೇಕು. ಕೋಲು ಹಿಡಿದು ಸ್ಕೂಟರಿನ ಹಿಂದೆ ಕೂರಲು ಡಾಕ್ಟರು ಹೂಂ ಅಂದಿದ್ದಾರೆ. ಬರೆಯಲು ಬಹಳವಿದೆ, ಹೊತ್ತಿಲ್ಲ. ನೀಮಾ ಹೊರಗೆ ಗಾಡಿ ಚಾಲೂ ಮಾಡಿ ನಿಂತಿದ್ದಾಳೆ, ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾಳೆ.

ಬಂದೆನವಾ, ಬಂದೆ.